ಒಂದೇ ಮರಿ, ಒಂದೇ ಮೇವು, ನಾಲ್ಕು ಕಡೆ ನಾಲ್ಕು ತರದ ರಕ್ತ. ಯಾಕೆ?

ಎರೆಹೊಲ, ಸಿಂಧನೂರು

ನಾನು ಸಿಂಧನೂರು ತಾಲೂಕಿನ ರೈತ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಕೊನೆ ಭಾಗ ಅಂದರೆ ಗೊತ್ತಲ್ಲ, ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೂವತ್ತು ವರ್ಷ ನೆಲ್ಲು ಬೆಳೆದೆ. ಹೊಲದ ಒಂದು ಮೂಲೆ ಸವಳಾಗಿ ಹುಲ್ಲೂ ಬರದಾಯಿತು. ಅಲ್ಲೇ ಹೊಂಡ ತೋಡಿಸಿ ಮೀನಿಗೆ ಇಳಿದೆ. ಈಗ ನಾಲ್ಕನೇ ವರ್ಷ. ಸಾಕುವುದು ಪಂಗಾಸಿಯಸ್. ಅದೇ ಮೀಸೆ ಇರುವ ಬೆಕ್ಕುಮೀನು ಜಾತಿ.

ನನ್ನ ಹತ್ತಿರ ನಾಲ್ಕು ಕಡೆ ಮೀನಿವೆ. ಅರ್ಧ ಎಕರೆ ಎರೆಮಣ್ಣಿನ ಹೊಂಡ ಒಂದು. ಮೂರು ವರ್ಷ ಹಳೆಯ ಸಿಮೆಂಟ್ ತೊಟ್ಟಿ ಒಂದು. 4 ಮೀಟರ್ ಅಗಲದ ತಾಡಪತ್ರಿ ತೊಟ್ಟಿ ಎರಡು, ಎರಡರಲ್ಲೂ ಬಯೋಫ್ಲಾಕ್. ಅಂದರೆ ಬೆಲ್ಲ ಹಾಕಿ, ಗಾಳಿ ಕೊಟ್ಟು ನೀರಿನಲ್ಲೇ ಬ್ಯಾಕ್ಟೀರಿಯಾದ ಗಸಿ ಬೆಳೆಸುವ ಪದ್ಧತಿ. ಮರಿ ಎಲ್ಲಾ ಜೂನ್‌ನಲ್ಲಿ ಒಂದೇ ಗಾಡಿಯಲ್ಲಿ ಬಂದದ್ದು. ಮೇವೂ ಒಂದೇ ಕಂಪನಿಯದು, ಏಪ್ರಿಲ್‌ನಲ್ಲಿ ರೇಟು ಇಳಿದಾಗ ಒಟ್ಟಿಗೆ ತಂದು ತಗಡಿನ ಶೆಡ್‌ನಲ್ಲಿ ಇಟ್ಟಿದ್ದೇನೆ. ತಾಡಪತ್ರಿ ತೊಟ್ಟಿಯಲ್ಲಿ ಮೊದಲನೆಯದು ಬೋರಿನ ನೀರಿನದು, ಜೂನ್‌ನಿಂದ ನಡೀತಿದೆ. ಅದರಲ್ಲಿ ಮೀನು ಒತ್ತಾಯಿತು ಅಂತ ಆಗಸ್ಟ್‌ನಲ್ಲಿ ಎರಡನೆಯದು ಕಟ್ಟಿ ಅರ್ಧ ಮೀನು ಅಲ್ಲಿಗೆ ಸಾಗಿಸಿದೆ. ನಮ್ಮ ಬೋರಿನ ನೀರು ಬಾಯಿಗೆ ಇಟ್ಟರೆ ಉಪ್ಪು. ಅದಕ್ಕೆ ಹೊಸ ತೊಟ್ಟಿಗೆ ಕಾಲುವೆಯ ಸಿಹಿನೀರನ್ನೇ ತುಂಬಿಸಿದೆ. ಮೀನಿಗಾದರೂ ಒಳ್ಳೇ ನೀರು ಸಿಗಲಿ ಅಂತ.

ಹೋದ ವಾರ ಆ ಸಿಹಿನೀರಿನ ತೊಟ್ಟಿಯಲ್ಲೇ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡೋಕೆ ಶುರು ಮಾಡಿದವು. ಗಾಳಿ ಯಂತ್ರ ಜೋರಾಗೇ ಓಡುತ್ತಿತ್ತು. ಏಳು ಸತ್ತವು. ಒಂದನ್ನು ಕೊಯ್ದು ನೋಡಿದರೆ ರಕ್ತ ಕೆಂಪಗಿಲ್ಲ, ಬೆಲ್ಲದ ಚಹಾ ಇದ್ದ ಹಾಗಿದೆ. ಗಾಬರಿಯಾಗಿ ಬದುಕಿದ್ದ ಮೀನಿನ ಬಾಲದ ಹತ್ತಿರ ಸೂಜಿ ಹಾಕಿ ರಕ್ತ ತೆಗೆದು ಪಟ್ಟಣದ ಒಂದು ಲ್ಯಾಬಿಗೆ ಒಯ್ದೆ. ಮೀನಿನದು ಅಂತ ಹೇಳಿದರೆ ತಗೊಳ್ಳಲ್ಲ ಅಂತ ಸುಮ್ನೆ ಕೊಟ್ಟೆ. ರಿಪೋರ್ಟ್ ನೋಡಿ ಅಲ್ಲಿನವರು ಬೆವತು ಹೋದರು. ಬಿಳಿ ರಕ್ತಕಣ ಲಕ್ಷಗಟ್ಟಲೆ. 'ಪೇಷಂಟ್ ಎಲ್ಲಿದ್ದಾರೆ, ಈಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ' ಅಂದರು. ಪೇಷಂಟ್ ಬಕೆಟ್ಟಿನಲ್ಲಿದೆ ಅಂತ ಹೇಗೆ ಹೇಳಲಿ?

ಆಮೇಲೆ ಪಶುವೈದ್ಯ ಓದುತ್ತಿರುವ ಅಕ್ಕನ ಮಗಳು ರಜೆಗೆ ಬಂದಳು. ನಾಲ್ಕೂ ಕಡೆಯಿಂದ ಮೂರು ಮೂರು ಮೀನಿನ ರಕ್ತ ತೆಗೆದು ಐಸ್ ಡಬ್ಬಿಯಲ್ಲಿ ಒಯ್ದು ತಾನೇ ನೋಡಿದಳು. ಸರಾಸರಿ ಹೀಗೆ ಬಂದಿದೆ. ಹೊಂಡದ್ದು ಪಿಸಿವಿ (ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಕಣ ಅನ್ನೋ ಲೆಕ್ಕ) 39, ಹಿಮೋಗ್ಲೋಬಿನ್ 9.1. ಬೋರಿನ ತೊಟ್ಟಿದು 31 ಮತ್ತು 9.3. ಕಾಲುವೆ ನೀರಿನ ತೊಟ್ಟಿದು 30 ಮತ್ತು 9.0. ಸಿಮೆಂಟ್ ತೊಟ್ಟಿದು 18 ಮತ್ತು 5.1. ಸಿಮೆಂಟಿನ ಮೀನಿಗೆ ಕಿವಿರೂ ಬೆಳ್ಳಗಾಗಿದೆ.

ನನ್ನ ಲೆಕ್ಕಕ್ಕೆ ಹೊಂಡವೇ ಫಸ್ಟ್ ಕ್ಲಾಸ್. ಹಾಗಾದರೆ ತಾಡಪತ್ರಿ ಬಿಚ್ಚಿ ಹಾಕಿ ಎಲ್ಲಾ ಹೊಂಡಕ್ಕೆ ಬಿಡಲಾ? ಇನ್ನೊಂದು ತಲೆಗೆ ಹೋಗುತ್ತಿಲ್ಲ. ಸಾಯುತ್ತಿರುವ ತೊಟ್ಟಿಯ ಮೀನಿನ ರಿಪೋರ್ಟು ಬೋರಿನ ಮೀನಿನ ಹಾಗೆಯೇ ಚೆನ್ನಾಗಿದೆ. ಮತ್ತೆ ಬಣ್ಣ ಯಾಕೆ ಹಾಗೆ?

ಕ್ಯಾಂಪ್‌ಹುಡುಗ, ಕಾರಟಗಿ

ಲಿವರ್ ಟಾನಿಕ್ ಹಾಕಿ ಅಣ್ಣ. ಎಲ್ಲಾ ಸರಿ ಹೋಗುತ್ತೆ. ಇಲ್ಲಾಂದ್ರೆ ಮುಂದಿನ ಸಲ ಆಫ್ರಿಕನ್ ಮಾಗೂರ್ ತನ್ನಿ. ಚರಂಡಿಯಲ್ಲಿ ಬಿಟ್ಟರೂ ಸಾಯಲ್ಲ.

ಎರೆಹೊಲ, ಸಿಂಧನೂರು

ಟಾನಿಕ್ ಆಗಲೇ ಎರಡು ಬಾಟಲಿ ಆಗಿದೆ ತಮ್ಮಾ. ಅಂಗಡಿಯವನ ಲಿವರ್ ಚೆನ್ನಾಗಿದೆ.

ಸೂಜಿಮದ್ದು, ರಾಯಚೂರು

ನಾನು ಹದಿನೈದು ವರ್ಷದಿಂದ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದೇನೆ. ನಿಮ್ಮ ಮೊದಲ ರಿಪೋರ್ಟ್ ಕಥೆ ಓದಿ ಮನೆಯವರೆಲ್ಲ ನಕ್ಕೆವು. ಆದರೆ ಆ ಲ್ಯಾಬಿನವರದು ತಪ್ಪಿಲ್ಲ.

ಮನುಷ್ಯರ ಕೆಂಪು ಕಣದಲ್ಲಿ ನಡುವಿನ ಬೀಜ (ನ್ಯೂಕ್ಲಿಯಸ್) ಇರುವುದಿಲ್ಲ. ಅದನ್ನೇ ನಂಬಿ ಮಷೀನು ಮಾಡಿದ್ದಾರೆ. ಅದು ಒಂದು ದ್ರಾವಣ ಹಾಕಿ ಕೆಂಪು ಕಣ ಎಲ್ಲಾ ಒಡೆದು ಹಾಕುತ್ತೆ. ಆಮೇಲೆ ಏನು ಉಳಿಯಿತೋ ಅದೆಲ್ಲಾ ಬಿಳಿ ಕಣ ಅಂತ ಎಣಿಸುತ್ತೆ. ಮೀನು, ಕೋಳಿ, ಕಪ್ಪೆ ಇವುಗಳ ಕೆಂಪು ಕಣದಲ್ಲಿ ಬೀಜ ಇರುತ್ತದೆ. ಕಣ ಒಡೆದರೂ ಬೀಜ ಉಳಿಯುತ್ತೆ. ಮಷೀನು ಪಾಪ ಅದನ್ನೂ ಎಣಿಸಿಬಿಡುತ್ತೆ. ಮೀನಿನ ರಕ್ತವನ್ನು ಗಾಜಿನ ಚೌಕದ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ಕೈಯಲ್ಲೇ ಎಣಿಸಬೇಕು.

ಪಿಸಿವಿ ಮಾತ್ರ ನಂಬಬಹುದು. ಸಣ್ಣ ಗಾಜಿನ ಕೊಳವೆಯಲ್ಲಿ ರಕ್ತ ತುಂಬಿ ಗರಗರ ತಿರುಗಿಸಿದರೆ ಕಣ ಎಲ್ಲಾ ಕೆಳಗೆ ಕೂರುತ್ತೆ. ನೂರರಲ್ಲಿ ಎಷ್ಟು ಪಾಲು ಕಣ ಅಂತ ಅಳೆಯೋದು, ಅಷ್ಟೇ. ಮೀನಿಗೂ ಮನುಷ್ಯನಿಗೂ ಒಂದೇ ವಿಧಾನ.

ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇದೆ. ಹಿಮೋಗ್ಲೋಬಿನ್ ನೋಡಲು ನಿಮ್ಮ ಸೊಸೆ ಡ್ರಾಬ್ಕಿನ್ ದ್ರಾವಣ ಬಳಸಿರಬೇಕು. ಆ ದ್ರಾವಣ ಮಾಡುವ ಮೊದಲ ಕೆಲಸವೇ ಎಲ್ಲಾ ಹಿಮೋಗ್ಲೋಬಿನ್ನನ್ನೂ ಮೆಥಿಮೋಗ್ಲೋಬಿನ್ (ಆಮ್ಲಜನಕ ಹೊರಲಾರದ ಕೆಟ್ಟ ರೂಪ) ಆಗಿ ಬದಲಾಯಿಸುವುದು. ಕೆಲಸ ಮಾಡುವ ಹಿಮೋಗ್ಲೋಬಿನ್ ಎಷ್ಟು, ಕೆಟ್ಟು ಕೂತದ್ದು ಎಷ್ಟು ಅಂತ ಅದು ಬೇರೆ ಮಾಡಿ ಹೇಳುವುದಿಲ್ಲ. ಒಟ್ಟು ಲೆಕ್ಕ ಕೊಡುತ್ತೆ. ಹಾಜರಿ ಪುಸ್ತಕದಲ್ಲಿ ನೂರು ಆಳು ಇದ್ದಾರೆ, ಗದ್ದೆಗೆ ಇಳಿದವರು ಮೂವತ್ತೇ. ನಿಮ್ಮ 9.0 ಅಂಥದ್ದು ಅನ್ನಿಸುತ್ತೆ. ಅವಳಿಗೆ ಒಂದು ಮಾತು ಕೇಳಿ: ದ್ರಾವಣ ಹಾಕಿದ ಮೇಲೆ ಒಂದು ಸಲ ತಿರುಗಿಸಿ, ಬೀಜಗಳನ್ನು ಕೆಳಗೆ ಕೂರಿಸಿ, ಆಮೇಲೆ ಓದಿದಳಾ ಅಂತ. ಹಾಗೆ ಮಾಡದಿದ್ದರೆ ಮೀನಿನ ರಕ್ತ ಕದಡಿಕೊಂಡು ಅಂಕಿ ಮೇಲಕ್ಕೆ ಹೋಗುತ್ತೆ.

ಮೀನುಮರಿ, ಗಂಗಾವತಿ

ಮೀನುಗಾರಿಕೆ ಓದಿದವನು ನಾನು. ಈಗ ಈ ಭಾಗದಲ್ಲೇ ಹೊಂಡ ಹೊಂಡ ಅಲೆಯುತ್ತೇನೆ. ಮೊದಲು ಕ್ಯಾಂಪ್‌ಹುಡುಗನಿಗೆ: ಆಫ್ರಿಕನ್ ಮಾಗೂರ್ ಸಾಕುವುದಕ್ಕೆ ದೇಶದಲ್ಲಿ ನಿಷೇಧ ಇದೆ. ಕಾಲುವೆಗೆ ತಪ್ಪಿಸಿಕೊಂಡರೆ ನಮ್ಮ ಮುರುಗೋಡು, ಕೊರವ ಯಾವುದನ್ನೂ ಉಳಿಸಲ್ಲ. ಆ ಮಾತು ಇಲ್ಲಿಗೆ ಬಿಡೋಣ.

ಎರೆಹೊಲ ಅವರೇ, ನಿಮ್ಮ ಸಿಹಿನೀರಿನ ತೊಟ್ಟಿಯದು ನೈಟ್ರೈಟ್. ಕಂದು ರಕ್ತದ ರೋಗ ಅಂತಲೇ ಕರೆಯುತ್ತಾರೆ. ಮೇವು ತಿಂದು ಮೀನು ಅಮೋನಿಯ ಬಿಡುತ್ತೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಈ ಎರಡನೇ ಗುಂಪು ನಿಧಾನ. ಹೊಸ ತೊಟ್ಟಿಯಲ್ಲಿ ಅವು ಬೇರೂರಲು ವಾರಗಟ್ಟಲೆ ಬೇಕು. ನೀವು ಆಗಸ್ಟ್‌ನಲ್ಲಿ ನೀರು ತುಂಬಿಸಿದ ದಿನದಿಂದಲೇ ದೊಡ್ಡ ಮೀನು ಬಿಟ್ಟು ಪೂರ್ತಿ ಮೇವು ಹಾಕಿದ್ದೀರಿ. ಈಗ ನೈಟ್ರೈಟ್ ಏರುವ ಹೊತ್ತು.

ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಹೋಗಿ ಹಿಮೋಗ್ಲೋಬಿನ್ನಿನ ಕಬ್ಬಿಣದ ರೂಪ ಬದಲಿಸುತ್ತೆ. ಆಮೇಲೆ ಅದು ಆಮ್ಲಜನಕ ಹಿಡಿಯಲಾರದು. ಗಾಳಿ ಯಂತ್ರ ಎಷ್ಟು ಓಡಿಸಿದರೂ ಅಷ್ಟೇ. ಪಂಗಾಸಿಯಸ್ ತನ್ನ ಗಾಳಿಚೀಲದಿಂದ ಮೇಲಿನ ಗಾಳಿಯನ್ನೂ ಕುಡಿಯುತ್ತೆ, ಅದಕ್ಕೇ 'ಇದು ಸಾಯಲ್ಲ ಬಿಡು' ಅಂತ ಜನ ಧೈರ್ಯವಾಗಿರುತ್ತಾರೆ. ಗಾಳಿ ಇದೆ ಸ್ವಾಮಿ, ಹೊರುವ ರಕ್ತ ಇಲ್ಲ. ಪರೀಕ್ಷೆ ಸುಲಭ. ಒಂದು ಹನಿ ರಕ್ತ ಬಿಳಿ ಕಾಗದದ ಮೇಲೆ ಹಾಕಿ ಗಾಳಿಗೆ ಹಿಡಿಯಿರಿ. ಬರೀ ಆಮ್ಲಜನಕ ಕಡಿಮೆಯಾಗಿ ಕಪ್ಪಾದ ರಕ್ತ ಗಾಳಿ ತಾಗಿದರೆ ಕೆಂಪಾಗುತ್ತೆ. ನೈಟ್ರೈಟಿನದಾದರೆ ಕಂದಾಗೇ ಉಳಿಯುತ್ತೆ.

ಇನ್ನು ನೀವು ಬೈಯುವ ಬೋರಿನ ನೀರಿನ ವಿಷಯ. ನೈಟ್ರೈಟ್ ಮತ್ತು ಕ್ಲೋರೈಡ್ ಎರಡೂ ಕಿವಿರಿನಲ್ಲಿ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತವೆ. ಉಪ್ಪು ನೀರಿನಲ್ಲಿ ಕ್ಲೋರೈಡ್ ತುಂಬಿರುವುದರಿಂದ ಬಾಗಿಲಲ್ಲೇ ನೂಕುನುಗ್ಗಲು. ನೈಟ್ರೈಟಿಗೆ ದಾರಿ ಸಿಗುವುದಿಲ್ಲ. ಜೂನ್, ಜುಲೈನಲ್ಲಿ ಬೋರಿನ ತೊಟ್ಟಿಯಲ್ಲೂ ನೈಟ್ರೈಟ್ ಏರಿಯೇ ಇರುತ್ತೆ, ನಿಮಗೆ ಗೊತ್ತೇ ಆಗಿಲ್ಲ. ಕಾಲುವೆಯ ಸಿಹಿನೀರಿನಲ್ಲಿ ಆ ಕಾವಲು ಇಲ್ಲ.

ಇವತ್ತೇ ನೈಟ್ರೈಟ್ ಮತ್ತು ಕ್ಲೋರೈಡ್ ಕಿಟ್ ತಂದು ನೋಡಿ. ನೈಟ್ರೈಟಿಗಿಂತ ಕ್ಲೋರೈಡ್ ಕನಿಷ್ಠ 10 ಪಟ್ಟು ಇರಬೇಕು. ಕಿಟ್ ಮೇಲೆ ನೈಟ್ರೈಟ್-ನೈಟ್ರೋಜನ್ ಅಂತ ಬರೆದಿದ್ದರೆ ಬಂದ ಅಂಕಿಯನ್ನು 3.3ರಿಂದ ಗುಣಿಸಿ. ಮೇವು ಎರಡು ಮೂರು ದಿನ ನಿಲ್ಲಿಸಿ. ಬೆಲ್ಲ ನಿಲ್ಲಿಸಬೇಡಿ.

ಸಿಮೆಂಟ್ ತೊಟ್ಟಿಯ ಕಥೆ ಬೇರೆ. ಅಲ್ಲಿ ಪಿಸಿವಿ, ಹಿಮೋಗ್ಲೋಬಿನ್ ಎರಡೂ ಬಿದ್ದಿವೆ, ಕಿವಿರು ಬೆಳ್ಳಗಿದೆ. ಇದು ನಿಜವಾದ ರಕ್ತಹೀನತೆ. ಮೊದಲು ಕಿವಿರಿನ ತುಣುಕು ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಹುಳು ಇದೆಯಾ ಅಂತ. ಇಲ್ಲದಿದ್ದರೆ ನನ್ನ ಅನುಮಾನ ಮೇವಿನ ಮೇಲೆ. ಹೊಂಡದಲ್ಲಿ ಮೀನು ಹುಳು, ಪಾಚಿ, ಕೆಸರಿನ ಜೀವಿ ಎಲ್ಲಾ ತಿನ್ನುತ್ತೆ. ಬಯೋಫ್ಲಾಕ್‌ನಲ್ಲಿ ಆ ಕಂದು ಗಸಿಯೇ ಒಂದು ಊಟ, ಬ್ಯಾಕ್ಟೀರಿಯಾದಿಂದ ವಿಟಮಿನ್ನೂ ಸಿಗುತ್ತೆ. ಸಿಮೆಂಟ್ ತೊಟ್ಟಿಯ ತಿಳಿನೀರಿನಲ್ಲಿ ನಿಮ್ಮ ಚೀಲದಲ್ಲಿ ಇದ್ದದ್ದಷ್ಟೇ ಊಟ. ಏಪ್ರಿಲ್‌ನಿಂದ ಸಿಂಧನೂರಿನ ಬಿಸಿಲಲ್ಲಿ ತಗಡಿನ ಕೆಳಗೆ ಬೆಂದ ಮೇವು! ಅದರಲ್ಲಿ ವಿಟಮಿನ್ ಸಿ ಎಷ್ಟು ಉಳಿದಿರುತ್ತೆ? ರಕ್ತ ಆಗಲು ಬೇಕಾದ ಫೋಲಿಕ್ ಆಮ್ಲವೂ ಬಿಸಿಗೆ, ತೇವಕ್ಕೆ ಕಡಿಮೆಯಾಗುತ್ತೆ. ಮಳೆ ಬಂದ ಮೇಲೆ ಬೂಷ್ಟು ಹಿಡಿದಿದ್ದರೆ ಇನ್ನೂ ಕೆಟ್ಟದ್ದು, ಅದರ ವಿಷ ಲಿವರಿಗೂ ರಕ್ತಕ್ಕೂ ಪೆಟ್ಟು. ಒಂದೇ ಮೇವು ಅಂದಿರಿ. ಮೂರು ಕಡೆ ಅದು ಪಲ್ಯ, ಒಂದು ಕಡೆ ಅದೇ ರೊಟ್ಟಿ.

ಹೊಂಡದ 39 ಬಗ್ಗೆ ನನಗೆ ಅಷ್ಟು ಖುಷಿ ಇಲ್ಲ. ಹೇಗೆ ಹಿಡಿದಿರಿ ಹೇಳಿ, ಆಮೇಲೆ ಬರೆಯುತ್ತೇನೆ.

ಎರೆಹೊಲ, ಸಿಂಧನೂರು

ದೊಡ್ಡ ಬಲೆ ಎಳೆದೆವು. ಎರೆಮಣ್ಣು, ಕೆಸರಿನಲ್ಲಿ ಮೊಣಕಾಲವರೆಗೆ ಹೂತು ಮುಕ್ಕಾಲು ಗಂಟೆ ಆಯಿತು. ಆಮೇಲೆ ಮೀನು ಬಕೆಟ್ಟಿನಲ್ಲಿ ಇತ್ತು. ಸೊಸೆ ಮೊದಲು ತೊಟ್ಟಿಗಳದು ಮುಗಿಸಿ ಹೊಂಡದ್ದಕ್ಕೆ ಬಂದಳು. ತೊಟ್ಟಿಯಲ್ಲಿ ಕೈಬಲೆ ಹಾಕಿದರೆ ಒಂದೇ ನಿಮಿಷ. ಅದಕ್ಕೂ ಇದಕ್ಕೂ ಏನು ಸಂಬಂಧ?

ಬೀಜ ಕೂರಿಸಿ ಓದಿದ್ದಾಳಂತೆ. 'ಅಷ್ಟೂ ಗೊತ್ತಿಲ್ಲದೆ ಓದ್ತೀನಾ ಮಾವ' ಅಂತ ನನಗೇ ಬೈದಳು.

ಮೀನುಮರಿ, ಗಂಗಾವತಿ

ಅಲ್ಲೇ ಇದೆ ಗುಟ್ಟು. ಮೀನು ಹೆದರಿ ಒದ್ದಾಡಿದರೆ ಗುಲ್ಮ ಕುಗ್ಗಿ ಅದರಲ್ಲಿ ಕೂಡಿಟ್ಟ ಕೆಂಪು ಕಣಗಳನ್ನು ಹೊರಗೆ ತಳ್ಳುತ್ತೆ. ಜೊತೆಗೆ ಕಣಗಳೇ ನೀರು ಹೀರಿ ಉಬ್ಬುತ್ತವೆ. ಎರಡೂ ಸೇರಿ ಪಿಸಿವಿ ಮೇಲೆ ಹೋಗುತ್ತೆ. ಉಬ್ಬಿದ್ದು ಎಷ್ಟು ಅಂತ ಹಿಡಿಯಲು ಹಿಮೋಗ್ಲೋಬಿನ್ನನ್ನು ಪಿಸಿವಿಯಿಂದ ಭಾಗಿಸಿ 100ರಿಂದ ಗುಣಿಸಿ. ಬೋರಿನ ತೊಟ್ಟಿದು 9.3 ಭಾಗಿಸು 31, ಅಂದರೆ 30. ಕಾಲುವೆ ತೊಟ್ಟಿದೂ 30. ಸಿಮೆಂಟಿದು 28. ಹೊಂಡದ್ದು 23! ಹಿಮೋಗ್ಲೋಬಿನ್ ತಾಡಪತ್ರಿ ತೊಟ್ಟಿಗಳಷ್ಟೇ ಇದೆ, ಕಣ ಮಾತ್ರ ನೆನೆಸಿದ ಕಡಲೆ ಆಗಿದೆ. ನಿಮ್ಮ ಹೊಂಡ ಫಸ್ಟ್ ಕ್ಲಾಸ್ ಅಲ್ಲ, ಕೆಟ್ಟದ್ದೂ ಅಲ್ಲ. ನೀವು ಅಳೆದದ್ದು ಹೊಂಡವನ್ನಲ್ಲ, ಬಲೆಯನ್ನು.

ಮಣ್ಣಿನ ಹೊಂಡ, ಸಿಮೆಂಟ್, ಪ್ಲಾಸ್ಟಿಕ್ ತೊಟ್ಟಿ ಹೋಲಿಸಿ ರಕ್ತ ನೋಡಿದ ಅಧ್ಯಯನಗಳು ನೈಜೀರಿಯಾದಲ್ಲಿ ಬೇಕಾದಷ್ಟಿವೆ. ಅಲ್ಲಿ ಆಫ್ರಿಕನ್ ಮಾಗೂರೇ ಮುಖ್ಯ ಸಾಕುಮೀನು. ಅವರ ಅಂಕಿಗಳನ್ನು ತಂದು ಪಂಗಾಸಿಯಸ್‌ಗೆ ಹಾಕಿ ನೋಡಬೇಡಿ. ಮೀನು ಬೇರೆ, ನೀರು ಬೇರೆ. ನಿಮ್ಮ ಮೀನಿಗೆ ನಿಮ್ಮದೇ ಅಳತೆ ಕೋಲು ಮಾಡಿಕೊಳ್ಳಿ. ಒಂದೇ ಹೊತ್ತು, ಮೇವಿಗೆ ಮುಂಚೆ, ಹಿಡಿದ ತಕ್ಷಣ ಲವಂಗದ ಎಣ್ಣೆ ಹಾಕಿದ ನೀರಿನಲ್ಲಿ ಮಂಪರು ಮಾಡಿ ತೆಗೆಯಿರಿ.

ಬಸಿಗಾಲುವೆ, ಮಾನ್ವಿ

ಹೊಂಡ ಅಂದರೆ ಸ್ವರ್ಗ ಅಂದುಕೊಂಡವರಿಗೆ ನನ್ನದೊಂದು. ನಾನು ಹೊಂಡಕ್ಕೆ ಬಸಿಗಾಲುವೆ ನೀರು ಬಿಡುತ್ತಿದ್ದೆ. ಮೇಲಿನ ಗದ್ದೆಯವರು ಕಂದು ಜಿಗಿಹುಳಕ್ಕೆ ಔಷಧ ಹೊಡೆದರು. ಎರಡು ದಿನಕ್ಕೆ ನನ್ನ ಮೀನು ಮೇವು ಬಿಟ್ಟವು. ಒಂದೂ ಸಾಯಲಿಲ್ಲ, ಅದೇ ಮೋಸ. ತಿಂಗಳಾದ ಮೇಲೆ ನೋಡಿದರೆ ಕಿವಿರು ಬಿಳಿಚಿಕೊಂಡಿದೆ, ತೂಕ ನಿಂತಿದೆ. ಔಷಧದಿಂದ ರಕ್ತ ಕಣ ಕಡಿಮೆಯಾಗುತ್ತೆ ಅಂತ ಆಮೇಲೆ ಗೊತ್ತಾಯಿತು. ಈಗ ಔಷಧದ ದಿನಗಳಲ್ಲಿ ತೂಬು ಮುಚ್ಚಿ ಮಣ್ಣು ಮೆತ್ತುತ್ತೇನೆ. ಪಕ್ಕದ ಗದ್ದೆಯವರಿಗೆ ಹೊಡೆಯುವ ಹಿಂದಿನ ದಿನ ಹೇಳಿ ಅಂತ ಹೇಳಿಟ್ಟಿದ್ದೇನೆ. ಯುಗಾದಿಗೆ ಒಂದೆರಡು ಕೆಜಿ ಮೀನು ಕೊಟ್ಟರೆ ನೆನಪಿಟ್ಟುಕೊಳ್ಳುತ್ತಾರೆ.

ಇನ್ನೊಂದು. ಪಿಸಿವಿ ಜಾಸ್ತಿ ಇರುವುದಕ್ಕೆ ಬಲೆ ಒಂದೇ ಕಾರಣ ಅಲ್ಲ. ನೀರು ಹಸಿರಾಗಿದ್ದರೆ ಬೆಳಗಿನ ಜಾವ 3ರಿಂದ 5ರವರೆಗೆ ಆಮ್ಲಜನಕ ನೆಲ ಕಚ್ಚುತ್ತೆ. ಪಾಚಿಯೂ ರಾತ್ರಿ ಉಸಿರಾಡುತ್ತೆ ಅಲ್ವಾ. ದಿನಾ ಹಾಗೆ ಆದರೆ ಮೀನು ತಾನೇ ರಕ್ತ ಜಾಸ್ತಿ ಮಾಡಿಕೊಳ್ಳುತ್ತೆ, ಬೆಟ್ಟದ ಮೇಲಿನ ಜನರ ಹಾಗೆ. ಅದೇ ಹಸಿರು ನೀರಿನಲ್ಲಿ ಮಧ್ಯಾಹ್ನ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 9ಕ್ಕೆ ಹೋಗುತ್ತೆ. 30 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷದ ಪಾಲು ನೂರಕ್ಕೆ 1ಕ್ಕಿಂತ ಕಡಿಮೆ. 8ಕ್ಕೆ ಸುಮಾರು 7. 9ಕ್ಕೆ ಹೋದರೆ 45. ಹೊಸ ಸಿಮೆಂಟ್ ತೊಟ್ಟಿಯಲ್ಲೂ ಸುಣ್ಣ ಬಿಟ್ಟು ಹೀಗೇ ಪಿಎಚ್ ಏರಿ ನನ್ನ ಮೊದಲ ಮರಿ ಎಲ್ಲಾ ಹೋಯಿತು. ಹತ್ತು ಸಲ ನೀರು ತುಂಬಿ ಚೆಲ್ಲಬೇಕಿತ್ತು, ಅವಸರ ಮಾಡಿದೆ.

ಬೆಳಗಿನ ಜಾವ ಎದ್ದು ಮೀಟರ್ ಹಿಡಿಯಿರಿ. ಹಗಲಿನ ಅಂಕಿ ನೋಡಿ ಹೊಂಡಕ್ಕೆ ಸರ್ಟಿಫಿಕೇಟ್ ಕೊಡಬೇಡಿ.

ಎರೆಹೊಲ, ಸಿಂಧನೂರು

ಮೂರು ದಿನದ ಸುದ್ದಿ. ಕಿಟ್ ತಂದೆ. ಕಾಲುವೆ ತೊಟ್ಟಿಯಲ್ಲಿ ಲೀಟರಿಗೆ ನೈಟ್ರೈಟ್ 8 ಮಿಲಿಗ್ರಾಂ, ಕ್ಲೋರೈಡ್ 20. ಬೋರಿನ ತೊಟ್ಟಿಯಲ್ಲಿ ಕ್ಲೋರೈಡ್ ಕಿಟ್ಟಿನ ಹನಿ ಎಣಿಸಿ ಎಣಿಸಿ ಸಾಕಾಯಿತು, 400 ದಾಟಿತು. ಕಾಗದದ ಮೇಲೆ ಹನಿ ಹಾಕಿ ನೋಡಿದೆ. ಬೋರಿನ ಮೀನಿನದು ಕುಂಕುಮ. ಕಾಲುವೆ ತೊಟ್ಟಿದು ಕಾಫಿ ಕಲೆ, ಅರ್ಧ ಗಂಟೆ ಬಿಟ್ಟರೂ ಹಾಗೇ.

ಲೆಕ್ಕ ಹೀಗೆ ಹಾಕಿದೆ, ತಪ್ಪಿದ್ದರೆ ಹೇಳಿ. 4 ಮೀಟರ್ ಅಗಲ, 1 ಮೀಟರ್ ನೀರು, ಸುಮಾರು 12,500 ಲೀಟರ್. ಕ್ಲೋರೈಡ್ 80 ಬೇಕು, 20 ಇದೆ, ಕೊರತೆ 60. ಉಪ್ಪಿನಲ್ಲಿ ನೂರಕ್ಕೆ 60 ಪಾಲು ಕ್ಲೋರೈಡ್ ಅಂತ ಸೊಸೆ ಹೇಳಿದಳು. ಹಾಗಾದರೆ ಲೀಟರಿಗೆ 100 ಮಿಲಿಗ್ರಾಂ ಉಪ್ಪು, ಒಟ್ಟು ಒಂದೂಕಾಲು ಕೆಜಿ. ಇಷ್ಟೇನಾ ಅಂತ ನಂಬಿಕೆ ಬರಲಿಲ್ಲ. ಎರಡೂವರೆ ಕೆಜಿ ಕಲ್ಲುಪ್ಪು ಕರಗಿಸಿ ಸುತ್ತಲೂ ಹಾಕಿದೆ. ಏಳು ಮೀನು ಸತ್ತದ್ದು ಐವತ್ತು ರೂಪಾಯಿ ಉಪ್ಪು ಇಲ್ಲದೆ! ಎರಡು ಬಾಟಲಿ ಟಾನಿಕ್ಕಿನ ರೇಟು ನಾನು ಇಲ್ಲಿ ಬರೆಯಲ್ಲ, ಮನೆಯವಳೂ ಇದನ್ನು ಓದುತ್ತಾಳೆ.

ಮರುದಿನ ಸಂಜೆಗೆ ಬಾಯಿ ಬಿಡುವುದು ಕಡಿಮೆಯಾಯಿತು. ಇವತ್ತು ಮೂರನೇ ದಿನ, ಕಾಗದದ ಮೇಲಿನ ಹನಿ ಕೆಂಪಗಿದೆ.

ಮೀನುಮರಿ, ಗಂಗಾವತಿ

ಲೆಕ್ಕ ಸರಿ. ಇಮ್ಮಡಿ ಹಾಕಿದ್ದರಿಂದ ತೊಂದರೆ ಇಲ್ಲ. ಮೀನಿನ ಕಣಗಳಲ್ಲೇ ಕೆಟ್ಟ ಹಿಮೋಗ್ಲೋಬಿನ್ನನ್ನು ಸರಿ ಮಾಡುವ ಕಿಣ್ವ ಇದೆ. ಹೊಸದಾಗಿ ನೈಟ್ರೈಟ್ ಒಳಗೆ ಹೋಗದಿದ್ದರೆ ಒಂದೆರಡು ದಿನದಲ್ಲಿ ಅದೇ ಸರಿ ಮಾಡಿಕೊಳ್ಳುತ್ತೆ. ಆದರೆ ಉಪ್ಪು ಬಾಗಿಲು ಕಾಯುತ್ತೆ ಅಷ್ಟೇ, ನೈಟ್ರೈಟ್ ನೀರಿನಲ್ಲೇ ಇದೆ. ದಿನಾ ಅಳೆಯಿರಿ. ನೀರು ಬದಲಿಸಿದರೆ ಅಷ್ಟು ಪಾಲು ಉಪ್ಪೂ ಹೋಗುತ್ತೆ, ಮತ್ತೆ ಹಾಕಬೇಕು. ಅಥವಾ ಬದಲಿಸುವ ನೀರಿಗೆ ನಿಮ್ಮ ಬೋರನ್ನೇ ಶುರು ಮಾಡಿ. ಹಳೇ ತೊಟ್ಟಿಯ ಗಸಿ ನೀರು ನಾಲ್ಕೈದು ಬಕೆಟ್ ಹೊಸದಕ್ಕೆ ಸುರಿಯಿರಿ, ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಎರೆಹೊಲ, ಸಿಂಧನೂರು

ತಿಂಗಳ ಮೇಲಾಯಿತು, ಬರೆಯೋಕೆ ಆಗಿರಲಿಲ್ಲ. ನೆಲ್ಲು ತೆನೆ ಕಟ್ಟುವ ಹೊತ್ತು, ಕಾಲುವೆ ನೀರಿಗೆ ರಾತ್ರಿ ಕಾಯುವುದೇ ಕೆಲಸ.

ಗಸಿ ಸುರಿದೆ, ನೈಟ್ರೈಟ್ 1ಕ್ಕೆ ಇಳಿದಿದೆ. ಏಪ್ರಿಲ್ ಮೇವಿನ ಚೀಲ ಬಿಚ್ಚಿ ಕೈ ಹಾಕಿದರೆ ತಳದಲ್ಲಿ ಹಸಿರು ಬೂಷ್ಟು. ಉಳಿದ ಹನ್ನೊಂದು ಚೀಲ ತಿಪ್ಪೆಗೆ ಹೋಯಿತು. ಆ ದಿನ ನಮ್ಮ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಸಿಮೆಂಟ್ ತೊಟ್ಟಿಗೆ ಹೊಸ ಮೇವು ಹದಿನೈದು ದಿನಕ್ಕೆ ಆಗುವಷ್ಟೇ ತರುತ್ತಿದ್ದೇನೆ. ಕಿವಿರಿನಲ್ಲಿ ಹುಳು ಇರಲಿಲ್ಲ. ದೀಪಾವಳಿಗೆ ಬಂದಾಗ ಸೊಸೆ ಮತ್ತೆ ಅಳೆದಳು. 18 ಇದ್ದದ್ದು 23 ಆಗಿದೆ, ಹಿಮೋಗ್ಲೋಬಿನ್ 6.7.

ಹೊಂಡದ್ದು ಈ ಸಲ ಬೀಸುಬಲೆ ಒಂದೇ ಏಟು, ತಕ್ಷಣ ಲವಂಗದ ಎಣ್ಣೆ, ಎರಡು ನಿಮಿಷದಲ್ಲಿ ಸೂಜಿ. ಪಿಸಿವಿ 34 ಬಂತು, ಹಿಮೋಗ್ಲೋಬಿನ್ 10. ಭಾಗಿಸಿದರೆ 29. ಉಬ್ಬು ಇಳಿದಿದೆ. ಆದರೂ ತೊಟ್ಟಿಗಿಂತ ಮೇಲೇ ಇದೆ. ಒಳ್ಳೇ ಊಟದ್ದೋ, ಬೆಳಗಿನ ಜಾವದ ಉಸಿರುಗಟ್ಟಿದ್ದೋ ನೋಡಬೇಕು. ಬಸಿಗಾಲುವೆ ಅವರೇ, ನಿಮ್ಮ ಆಮ್ಲಜನಕದ ಮೀಟರ್ ಒಂದು ವಾರ ಕಡ ಕೊಡುತ್ತೀರಾ? ಮಾನ್ವಿಗೆ ನಾನೇ ಬಂದು ಒಯ್ಯುತ್ತೇನೆ. 3 ಗಂಟೆಗೆ ಹೇಗೂ ಕಾಲುವೆ ಮೇಲೆ ಎಚ್ಚರ ಇರುತ್ತೇನೆ.